ತಲೆ ಬಾಚಲಾಗದ ಕೈ

ಫೆಬ್ರವರಿಯಿಂದ ಈಚೆಗೆ ನನ್ನ ಬಲಗೈ ಕಿವಿಯಿಂದ ಮೇಲಕ್ಕೆ ಹೋಗುತ್ತಿಲ್ಲ. ಮಲಗಿದ್ದು ಸರಿಯಿರಲಿಲ್ಲವೇನೋ ಅಂತ ಮೊದಲ ವಾರ ಸುಮ್ಮನಿದ್ದೆ. ಮನೆ ಮುಂದಿನ ಹಿಮ ಎತ್ತಿ ಹಾಕಿದ್ದಕ್ಕಿರಬೇಕು ಅಂತ ಎರಡನೇ ವಾರ ಸಮಾಧಾನ ಮಾಡಿಕೊಂಡೆ. ಮೂರನೇ ವಾರ ಕುರ್ತಾ ತೊಡಲು ಹೋಗಿ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು, ತಲೆ ಒಳಗೆ, ಒಂದು ಕೈ ಹೊರಗೆ, ಮಂಚದ ಮೇಲೆ ಕೂತು ಅತ್ತ ಮೇಲೆ ಡಾಕ್ಟರ ಹತ್ತಿರ ಹೋದೆ. ಫ್ರೋಜನ್ ಶೋಲ್ಡರ್ ಅಂದರು. ನಲವತ್ತು ದಾಟಿದ ಹೆಂಗಸರಿಗೆ ಬರುವುದು ಮಾಮೂಲಂತೆ, ಬಿಡಲು ವರ್ಷ ಮೇಲಾದರೂ ಆಗಬಹುದಂತೆ. ಊರಿಗೆ ಫೋನ್ ಮಾಡಿದರೆ ಅಮ್ಮ, "ಮಹಾನಾರಾಯಣ ತೈಲ ಹಚ್ಚಿ ಬಿಸಿಬಿಸಿ ನೀರು ಹುಯ್ಕೊ ಕಣೆ, ಎಲ್ಲಾ ಬಿಡುತ್ತೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ವೇ, ಮತ್ತೆ ಜಡೆ ಯಾರು ಹಾಕ್ತಾರೆ?" ಅಂದಳು.

ಜಡೆ ಯಾರೂ ಹಾಕುತ್ತಿಲ್ಲ. ಎಡಗೈಯಲ್ಲಿ ಆದಷ್ಟು ಬಾಚಿಕೊಂಡು, ಕ್ಲಿಪ್ ಸಿಕ್ಕಿಸಿ ಓಡಾಡುತ್ತಿದ್ದೇನೆ.

ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ನಿನಲ್ಲಿ. ಚಿಕಾಗೋದಿಂದ ಕಾರಿನಲ್ಲಿ ಎರಡು ಗಂಟೆ ದಾರಿ. ಸುತ್ತ ಕಣ್ಣು ಹಾಯುವವರೆಗೂ ಮುಸುಕಿನ ಜೋಳ, ಸೋಯಾ. ಪಕ್ಕಕ್ಕೇ ಅಂಟಿಕೊಂಡಿರುವ ಊರಿನ ಹೆಸರು ನಾರ್ಮಲ್. ಈ ಹೆಸರಿನ ಮೇಲೆ ಇಲ್ಲಿಗೆ ಬಂದ ಪ್ರತಿಯೊಬ್ಬ ಕನ್ನಡಿಗನೂ ಒಂದೊಂದು ಜೋಕು ಮಾಡಿ ಮುಗಿಸಿದ್ದಾನೆ. ಇಲ್ಲೊಂದು ದೊಡ್ಡ ಇನ್ಶುರೆನ್ಸ್ ಕಂಪನಿ ಇರುವುದರಿಂದ ಅದರ ಕಂಪ್ಯೂಟರ್ ಕೆಲಸಕ್ಕೆ ಬಂದ ನಮ್ಮವರು ಜೋಳದ ಹೊಲಗಳ ನಡುವೆ ಯುಗಾದಿ, ರಾಜ್ಯೋತ್ಸವ ಮಾಡಿಕೊಂಡು ಇದ್ದೇವೆ.

ನನ್ನ ಹನ್ನೆರಡು ವರ್ಷದ ಮಗ ಬೇಸ್‌ಬಾಲ್ ಆಡುತ್ತಾನೆ. ಅವನಪ್ಪನಿಗೆ ಇನ್ನೂ ಮಗ ಒಂದು ದಿನ ಕ್ರಿಕೆಟ್ಟಿಗೆ ತಿರುಗಿ ಬಂದಾನು ಎಂಬ ಆಸೆ. ನನಗೆ ಎರಡೂ ಒಂದೇ. ಆದರೆ ಇಲ್ಲಿ ತಂದೆತಾಯಿಗಳು ಸುಮ್ಮನೆ ಕೂತು ನೋಡುವ ಹಾಗಿಲ್ಲ, ಏನಾದರೊಂದು ಕೆಲಸ ಹಚ್ಚುತ್ತಾರೆ. ನನಗೆ ಸಿಕ್ಕಿದ್ದು ಎಸೆತ ಎಣಿಸುವ ಕೆಲಸ. ಜಪಮಣಿಯ ಬದಲು ಈಗ ಬೆರಳಿಗೆ ಸಿಕ್ಕಿಸಿಕೊಂಡು ರಾಮ ರಾಮ ಅಂತ ಒತ್ತುವ ಕೌಂಟರ್ ಬರುತ್ತಲ್ಲ, ಹೆಚ್ಚುಕಡಿಮೆ ಅಂಥದೇ ಒಂದು ಯಂತ್ರ ಕೊಟ್ಟಿದ್ದಾರೆ. ಪಿಚರ್ ಒಂದು ಚೆಂಡು ಎಸೆದ, ಕ್ಲಿಕ್. ಇನ್ನೊಂದು ಎಸೆದ, ಕ್ಲಿಕ್. ಹನ್ನೊಂದು ಹನ್ನೆರಡರ ಹುಡುಗ ಒಂದು ದಿನದಲ್ಲಿ 85ಕ್ಕಿಂತ ಹೆಚ್ಚು ಎಸೆಯುವ ಹಾಗಿಲ್ಲ. 66 ಮುಟ್ಟಿದರೆ ನಾಲ್ಕು ದಿನ ಅವನು ಪಿಚ್ ಮಾಡುವಂತಿಲ್ಲ. ಬೆಳೆಯುವ ಮೂಳೆ, ಮೊಣಕೈ ಹೋಗುತ್ತದೆ, ಭುಜ ಹೋಗುತ್ತದೆ. ಸ್ವಂತ ಭುಜ ಸತ್ತುಹೋಗಿರುವ ಹೆಂಗಸು ಊರ ಹುಡುಗರ ಭುಜಕ್ಕೆ ಕಾವಲು ಕೂತಿದ್ದೇನೆ.

ಮೊಮ್ಮಗನ ಆಟ ನೋಡಲು ಬರುವ ಒಬ್ಬ ಅಜ್ಜ ನನ್ನ ಪಕ್ಕದಲ್ಲೇ ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಎಡಗೈಯಲ್ಲಿ ಕೂದಲು ಸರಿಮಾಡಿಕೊಳ್ಳಲು ಒದ್ದಾಡುವುದನ್ನು ಒಂದು ದಿನ ನೋಡಿ, ನಮ್ಮೂರಲ್ಲೂ ನಿಮ್ಮ ಹಾಗೆ ತಲೆ ಬಾಚಲಾಗದವನೊಬ್ಬ ಇದ್ದ, ಇಲ್ಲೇ ಎವರ್‌ಗ್ರೀನ್ ಸ್ಮಶಾನದಲ್ಲಿ ಮಲಗಿದ್ದಾನೆ, ಅವನು ಎಸೆದಿದ್ದನ್ನು ಎಣಿಸಲು ನಿಮ್ಮಂಥವರು ಯಾರೂ ಇರಲಿಲ್ಲ ಅಂದರು. ಹಾಗೆ ನನಗೆ ಚಾರ್ಲ್ಸ್ ರಾಡ್‌ಬರ್ನ್ ಎಂಬ ಹಳೆಯ ಕಾಲದ ಪಿಚರ್ ಪರಿಚಯವಾದ. ರಾತ್ರಿ ಭುಜದ ನೋವಿಗೆ ನಿದ್ದೆ ಬಾರದಿದ್ದಾಗ ಅವನನ್ನು ಓದುತ್ತಾ ಓದುತ್ತಾ ಎರಡು ತಿಂಗಳು ಕಳೆದಿದ್ದೇನೆ.

ಹುಟ್ಟಿದ್ದು 1854ರ ಡಿಸೆಂಬರ್ 11, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಬೆಳೆದಿದ್ದು ಇದೇ ಬ್ಲೂಮಿಂಗ್ಟನ್ನಿನಲ್ಲಿ. ಅಪ್ಪ ಇಂಗ್ಲೆಂಡಿನಿಂದ ವಲಸೆ ಬಂದ ಕಸಾಯಿ. ಮಗನೂ ಮೊದಲು ಆ ಕೆಲಸ ಮಾಡಿದ, ರೈಲಿನಲ್ಲಿ ಬ್ರೇಕ್ ಹಾಕುವ ಆಳಾಗಿಯೂ ದುಡಿದ. ಆಟ ಆಡಿ ದುಡ್ಡು ತೆಗೆದುಕೊಳ್ಳುವುದು ಆಗಿನ್ನೂ ಹೊಸ ಸಂಗತಿ. ಇವತ್ತಿಗೂ ನಡೆಯುತ್ತಿರುವ ನ್ಯಾಷನಲ್ ಲೀಗ್ ಶುರುವಾಗಿದ್ದು 1876ರಲ್ಲಿ. ರಾಡ್‌ಬರ್ನ್ 1878ರಲ್ಲಿ ಪಕ್ಕದ ಪಿಯೋರಿಯಾದ ತಂಡಕ್ಕೆ, ಮರುವರ್ಷ ಡುಬ್ಯೂಕ್ ಎಂಬ ಊರಿನ ತಂಡಕ್ಕೆ ಆಡಿದ. 1880ರಲ್ಲಿ ಬಫಲೋ ತಂಡ ಅವನನ್ನು ನ್ಯಾಷನಲ್ ಲೀಗಿಗೆ ಕರೆಸಿಕೊಂಡಿತು. ಆರೇ ಪಂದ್ಯ. ಅಷ್ಟರಲ್ಲಿ ಭುಜ ನೋವು ಬಂದು, ಕೆಲಸಕ್ಕೆ ಬಾರದವನು ಅಂತ ಮನೆಗೆ ಕಳಿಸಿದರು.

ಅವನ ಕಥೆ ಹೇಳುವವರು ಈ ಆರು ಪಂದ್ಯವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅಲ್ಲೇ ಕಣ್ಣು ನಿಂತಿತು. ಹೆಸರು ಮಾಡುವ ಮೊದಲೇ ಆ ಭುಜ ಒಮ್ಮೆ ಕೈ ಕೊಟ್ಟಿತ್ತು. ಮುಂದಿನದನ್ನೆಲ್ಲ ಅವನು ಒಮ್ಮೆ ಕೆಟ್ಟ ಭುಜದಲ್ಲೇ ಮಾಡಿದ್ದು.

1881ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ತಂಡ ಸೇರಿದ. ಪ್ರಾವಿಡೆನ್ಸ್ ಎಂದರೆ ಪೂರ್ವ ಕರಾವಳಿಯ ರೋಡ್ ಐಲೆಂಡ್ ರಾಜ್ಯದ ಗಿರಣಿ ಊರು. ಆ ವರ್ಷ 25 ಗೆಲುವು. 1882ರಲ್ಲಿ 33. 1883ರಲ್ಲಿ 48. ಕ್ರಿಕೆಟ್ ಲೆಕ್ಕದಲ್ಲಿ ಇದು ತಲೆಗೆ ಹೋಗುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಗೆಲುವು ತಂಡದ್ದು, ಬೌಲರನ ಖಾತೆಗೆ ಹೋಗುವುದು ವಿಕೆಟ್ಟು. ಆಗಿನ ಬೇಸ್‌ಬಾಲಿನಲ್ಲಿ ಸಾಮಾನ್ಯವಾಗಿ ಒಂದು ಕಡೆಯಿಂದ ಒಬ್ಬನೇ ಎಸೆಯುತ್ತಿದ್ದ. ಇನ್ನೊಂದು ತುದಿ, ಓವರ್ ಮುಗಿಯುವುದು ಯಾವುದೂ ಇಲ್ಲ. ಹಾಗಾಗಿ ಗೆದ್ದರೂ ಸೋತರೂ ಅದನ್ನು ಎಸೆದವನ ಹೆಸರಿಗೆ ಬರೆಯುತ್ತಾರೆ. ಈಗಿನ ಕಾಲದಲ್ಲಿ ಒಬ್ಬ ಒಳ್ಳೆಯ ಪಿಚರ್ ಐದು ದಿನಕ್ಕೊಮ್ಮೆ ಎಸೆಯುತ್ತಾನೆ, ಅದೂ ಪಂದ್ಯದ ಒಂಬತ್ತು ಇನಿಂಗಿನಲ್ಲಿ ಐದಾರು. ವರ್ಷಕ್ಕೆ ಇಪ್ಪತ್ತು ಪಂದ್ಯ ಗೆದ್ದರೆ ಪತ್ರಿಕೆಗಳು ಹಾಡಿ ಹೊಗಳುತ್ತವೆ.

ಆಗಿನ ಆಟವೂ ಬೇರೆಯೇ ಆಗಿತ್ತು ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಎಸೆಯುವವನು ಇವತ್ತಿನ ಹಾಗೆ ಅರವತ್ತು ಅಡಿ ಆರು ಅಂಗುಲ ದೂರದ ದಿಬ್ಬದ ಮೇಲಲ್ಲ, ಐವತ್ತು ಅಡಿ ಆಚೆಯ ನೆಲದಲ್ಲಿ ಗೆರೆ ಎಳೆದ ಚೌಕದೊಳಗೆ ನಿಲ್ಲುತ್ತಿದ್ದ. ಆ ಚೌಕದೊಳಗೇ ಒಂದೆರಡು ಹೆಜ್ಜೆ ಹಾರಿ ಎಸೆಯಬಹುದಿತ್ತು. ಬ್ಯಾಟ್ ಹಿಡಿದವನು ನನಗೆ ಎತ್ತರದ ಚೆಂಡು ಬೇಕು, ತಗ್ಗಿನದು ಬೇಕು ಅಂತ ಕೇಳಬಹುದಿತ್ತು, ದೋಸೆ ಗರಿಗರಿ ಇರಲಿ ಮೆತ್ತಗಿರಲಿ ಅಂತ ಹೋಟೆಲಿನಲ್ಲಿ ಹೇಳುವ ಹಾಗೆ. ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋಗಲು ಈಗ ನಾಲ್ಕು ತಪ್ಪು ಚೆಂಡಾದರೆ 1884ರಲ್ಲಿ ಆರು. ಕೈಗವಸು ಹಾಕಿದರೆ ಹೇಡಿ ಅನ್ನುವ ಕಾಲ, ಹೆಚ್ಚಿನವರದು ಬರಿಗೈ. ಆಟದ ನಡುವೆ ಬದಲಿ ಆಟಗಾರನನ್ನು ಇಳಿಸಲು ಗಾಯವೇ ಆಗಿರಬೇಕಿತ್ತು.

ಇನ್ನೊಂದು ಸಂಗತಿ ಕ್ರಿಕೆಟ್ ನೋಡಿ ಬೆಳೆದವರಿಗೆ ರುಚಿಸುತ್ತದೆ. ಚೆಂಡನ್ನು ಭುಜದ ಮೇಲಿಂದ ಎಸೆಯಲು ಕ್ರಿಕೆಟ್ಟಿನಲ್ಲಿ ಅನುಮತಿ ಸಿಕ್ಕಿದ್ದು 1864ರಲ್ಲಿ. ನ್ಯಾಷನಲ್ ಲೀಗಿನಲ್ಲಿ ಸಿಕ್ಕಿದ್ದು ಅದಾಗಿ ಇಪ್ಪತ್ತು ವರ್ಷಕ್ಕೆ, ಇದೇ 1884ರಲ್ಲಿ. ಹೊಸ ಹುಡುಗರೆಲ್ಲ ಕೈಯೆತ್ತಿ ಎಸೆಯತೊಡಗಿದರು. ರಾಡ್‌ಬರ್ನ್ ಮಾತ್ರ ಹೆಚ್ಚಾಗಿ ಸೊಂಟದ ಮಟ್ಟದಿಂದ, ಕೆಳಗೈಯಿಂದಲೇ ಎಸೆಯುತ್ತಿದ್ದ ಎನ್ನುತ್ತಾರೆ. ವೇಗಕ್ಕಿಂತ ತಿರುವು, ಬ್ಯಾಟರ್ ಎಣಿಸಿದಂತೆ ಬಾರದ ಚೆಂಡು, ಅದು ಅವನ ವರಸೆ. ನಮ್ಮ ಚಂದ್ರಶೇಖರ್ ಪೋಲಿಯೊ ತಗುಲಿದ ಕೈಯಲ್ಲೇ 242 ಟೆಸ್ಟ್ ವಿಕೆಟ್ ಕಿತ್ತವರು. ಕೈ ಅನ್ನುವುದು ಹೊರಗಿನಿಂದ ನೋಡಿ ಅಳೆಯುವ ಸಾಮಾನಲ್ಲ ಅಂತ ಮೈಸೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1882ರ ಆಗಸ್ಟ್ 17ರ ಒಂದು ಪಂದ್ಯ ನನಗೆ ಬಹಳ ಇಷ್ಟ. ಡೆಟ್ರಾಯಿಟ್ ವಿರುದ್ಧ ಪ್ರಾವಿಡೆನ್ಸ್. ಒಂಬತ್ತು ಇನಿಂಗಿಗೆ ಮುಗಿಯಬೇಕಾದದ್ದು ಹದಿನೇಳು ಮುಗಿದರೂ ಸೊನ್ನೆ–ಸೊನ್ನೆ. ಅಂದು ರಾಡ್‌ಬರ್ನ್ ಎಸೆಯುತ್ತಿರಲಿಲ್ಲ. ಎಸೆಯುವ ಸರದಿ ಇಲ್ಲದ ದಿನ ಅವನನ್ನು ಬಲಗಡೆಯ ಬೌಂಡರಿ ಕಾಯಲು ನಿಲ್ಲಿಸುತ್ತಿದ್ದರು. ಹದಿನೆಂಟನೇ ಇನಿಂಗಿನಲ್ಲಿ ಬ್ಯಾಟ್ ಹಿಡಿದು ಬಂದು ಹೋಮ್ ರನ್ ಹೊಡೆದ. 1–0. ಆ ದಿನ ಹದಿನೆಂಟೂ ಇನಿಂಗ್ ಎಸೆದವನು ಜಾನ್ ಮಾಂಟ್‌ಗೊಮರಿ ವಾರ್ಡ್. ಈ ಹೆಸರು ನೆನಪಿನಲ್ಲಿರಲಿ, ಮುಂದೆ ಬರುತ್ತದೆ.

1884ಕ್ಕೆ ಬರೋಣ.

ಆ ವರ್ಷ ತಂಡದಲ್ಲಿ ಇನ್ನೊಬ್ಬ ಪಿಚರ್ ಇದ್ದ. ಚಾರ್ಲಿ ಸ್ವೀನಿ, ಇಪ್ಪತ್ತೊಂದರ ಹರೆಯ, ಕೈಯೆತ್ತಿ ಎಸೆಯುವವನು. ಜೂನ್ 7ರಂದು ಬೋಸ್ಟನ್ ಮೇಲೆ ಒಂದೇ ಪಂದ್ಯದಲ್ಲಿ ಹತ್ತೊಂಬತ್ತು ಸಲ ಬ್ಯಾಟರನ್ನು ಸ್ಟ್ರೈಕ್ ಔಟ್ ಮಾಡಿದ, ಅಂದರೆ ಚೆಂಡು ಹೊಡೆಯಲು ಬಿಡದೆಯೇ ಔಟ್. ಹಿಂದಿನ ವರ್ಷ 48 ಪಂದ್ಯ ಗೆದ್ದುಕೊಟ್ಟ ರಾಡ್‌ಬರ್ನ್‌ಗೆ ಈಗ 29. ಊರೆಲ್ಲ ಹೊಸ ಹುಡುಗನ ಜಪ. ರಾಡ್‌ಬರ್ನ್ ಮೊದಲೇ ಮುಂಗೋಪಿ, ಕುಡಿತವೂ ಇತ್ತು. ಜುಲೈ 16ರಂದು ಬೋಸ್ಟನ್ ವಿರುದ್ಧ ಆಡುವಾಗ ಅಂಪೈರ್ ಮೇಲೆ, ತನ್ನದೇ ಜೊತೆಯವರ ತಪ್ಪಿನ ಮೇಲೆ ರೇಗಿ, ಚೆಂಡನ್ನು ಮನಬಂದಂತೆ ಎಸೆದ ಅಂತ ತಂಡದವರು ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದರು. ಆರು ದಿನ ಕಳೆದು, 22ರಂದು, ಫಿಲಡೆಲ್ಫಿಯಾ ವಿರುದ್ಧ ಸ್ವೀನಿ ಎಸೆಯುತ್ತಿದ್ದ. ಏಳು ಇನಿಂಗ್ ಆದಮೇಲೆ ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್, ನೀನಿನ್ನು ಹೊರಗೆ ಬೌಂಡರಿ ಕಾಯಿ, ಉಳಿದದ್ದನ್ನು ಬೇರೆಯವನು ಎಸೆಯಲಿ ಅಂದ. ಸ್ವೀನಿ ಬೈದು, ಮೈದಾನದಿಂದಲೇ ನಡೆದುಬಿಟ್ಟ. ಬದಲಿ ಇಳಿಸುವಂತಿಲ್ಲ. ಎಂಟೇ ಜನ ಆಡಿದರು. ಮುಂದಿದ್ದ ತಂಡ 10–6ಕ್ಕೆ ಸೋತಿತು.

ಸ್ವೀನಿ ಸೇಂಟ್ ಲೂಯಿಸಿಗೆ ಹೋಗಿ ಪ್ರತಿಸ್ಪರ್ಧಿ ಲೀಗ್ ಸೇರಿಕೊಂಡ. (ಅವನದೂ ದೊಡ್ಡ ಕಥೆಯೇ: ಹತ್ತು ವರ್ಷದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಸಾರಾಯಿ ಅಂಗಡಿಯಲ್ಲಿ ಒಬ್ಬನಿಗೆ ಗುಂಡು ಹಾರಿಸಿ ಕೊಂದು ಜೈಲು ಸೇರಿದ, 1902ರಲ್ಲಿ ಕ್ಷಯದಿಂದ ಸತ್ತ.) ಪ್ರಾವಿಡೆನ್ಸಿನಲ್ಲಿ ಒಬ್ಬ ಪಿಚರ್ ಓಡಿಹೋಗಿದ್ದ, ಇನ್ನೊಬ್ಬ ಮನೆಯಲ್ಲಿ ಕೂತಿದ್ದ. ತಂಡವನ್ನೇ ಮುಚ್ಚಿಬಿಡೋಣ ಅನ್ನುವವರೆಗೆ ಹೋಯಿತು ಮಾತು. ಬ್ಯಾಂಕ್ರಾಫ್ಟ್ ಹೋಗಿ ರಾಡ್‌ಬರ್ನ್‌ನನ್ನು ಕರೆತಂದ.

ಇಲ್ಲಿ ಆದದ್ದು ವ್ಯಾಪಾರ. ಉಳಿದ ಪಂದ್ಯಗಳನ್ನೆಲ್ಲ ನಾನೊಬ್ಬನೇ ಎಸೆಯುತ್ತೇನೆ, ಅದಕ್ಕೆ ಸ್ವೀನಿಯ ಸಂಬಳವೂ ನನಗೇ ಬರಬೇಕು, ಋತು ಮುಗಿದಮೇಲೆ ನನ್ನನ್ನು ಬಿಡುಗಡೆ ಮಾಡಬೇಕು. ಹಣದ ಭಾಗ ಎಲ್ಲರಿಗೂ ಅರ್ಥವಾಗುತ್ತದೆ. ಬಿಡುಗಡೆ ಅಂದರೇನು ಅನ್ನುವುದನ್ನು ಹೇಳಬೇಕು. 1879ರ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಲೀಗಿನ ಮಾಲೀಕರು ತಮ್ಮತಮ್ಮಲ್ಲೇ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಬ್ಬೊಬ್ಬ ಮಾಲೀಕ ಐದೈದು ಆಟಗಾರರ ಹೆಸರು ಬರೆದಿಡುವುದು. ಅವರನ್ನು ಬೇರೆ ಯಾವ ತಂಡವೂ ಮಾತನಾಡಿಸಕೂಡದು. ಇದಕ್ಕೆ ರಿಸರ್ವ್ ನಿಯಮ ಅಂತ ಹೆಸರು. 1883ರ ಹೊತ್ತಿಗೆ ಐದು ಹೋಗಿ ಹನ್ನೊಂದಾಗಿತ್ತು, ಅಂದರೆ ಹೆಚ್ಚುಕಡಿಮೆ ಇಡೀ ತಂಡ. ಒಪ್ಪಂದದ ವರ್ಷ ಮುಗಿದರೂ ಆಟಗಾರ ಆ ತಂಡದವನೇ. ಇಷ್ಟವಿಲ್ಲದಿದ್ದರೆ ಆಟ ಬಿಟ್ಟು ಕಸಾಯಿ ಅಂಗಡಿಗೆ ಹೋಗಬಹುದು. ಜೀತ ಅಂದರೆ ಅತಿಯಾದೀತು, ಸಂಬಳ ಚೆನ್ನಾಗಿಯೇ ಇತ್ತು. ಕೊಟ್ಟಿಗೆಯಲ್ಲಿ ಹುಲ್ಲು ಚೆನ್ನಾಗಿ ಹಾಕುವ ಮನೆಯ ಎತ್ತು ಅನ್ನೋಣ.

ಜನ ಅವನಿಗಿಟ್ಟ ಹೆಸರೂ ಇದೇ ಜಾತಿಯದು: ಓಲ್ಡ್ ಹಾಸ್, ಹಳೇ ಕುದುರೆ. ನಮ್ಮಲ್ಲಾಗಿದ್ದರೆ ಗಾಣದೆತ್ತು ಅನ್ನುತ್ತಿದ್ದರು.

ಜುಲೈ 23ರಿಂದ ಕುದುರೆ ಓಡತೊಡಗಿತು. ಚಾಂಪಿಯನ್ ಪಟ್ಟ ಖಚಿತವಾಗುವವರೆಗಿನ 43 ಪಂದ್ಯಗಳಲ್ಲಿ 40ನ್ನು ಶುರುಮಾಡಿದವನು ರಾಡ್‌ಬರ್ನ್. ಸತತವಾಗಿ 18 ಗೆದ್ದ. ತಂಡ ಆಗಸ್ಟ್–ಸೆಪ್ಟೆಂಬರಿನಲ್ಲಿ ಸಾಲಾಗಿ 20 ಗೆದ್ದಿತು. ವರ್ಷದ ಲೆಕ್ಕ ಹೀಗಿದೆ: 73 ಪಂದ್ಯ ಶುರುಮಾಡಿದ, 73ನ್ನೂ ಕೊನೆಯ ಚೆಂಡಿನವರೆಗೆ ತಾನೇ ಎಸೆದು ಮುಗಿಸಿದ. 678 ಇನಿಂಗ್, ಮೇಲೊಂದಿಷ್ಟು. 441 ಸ್ಟ್ರೈಕ್ ಔಟ್. 59 ಗೆಲುವು, 12 ಸೋಲು. ತಂಡ ಒಟ್ಟು ಗೆದ್ದದ್ದೇ 84.

ರಾತ್ರಿ ಎರಡು ಗಂಟೆಗೆ ಹೀಟಿಂಗ್ ಪ್ಯಾಡ್ ಒತ್ತಿಕೊಂಡು ಓದುತ್ತಿದ್ದ ನನಗೆ ಆ ಅಂಕಿಗಳಿಗಿಂತ ಹತ್ತಿರವಾದದ್ದು ಬ್ಯಾಂಕ್ರಾಫ್ಟ್ ಆಮೇಲೆ ನೆನೆಸಿಕೊಂಡು ಹೇಳಿದ ಸಣ್ಣ ಸಂಗತಿ. ಬೆಳಗ್ಗೆ ಎದ್ದರೆ ರಾಡ್‌ಬರ್ನ್‌ಗೆ ತಲೆ ಬಾಚಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ. ಉಳಿದವರಿಗಿಂತ ಎಷ್ಟೋ ಮೊದಲೇ ಮೈದಾನಕ್ಕೆ ಹೋಗುತ್ತಿದ್ದ. ಕೆಲವೇ ಅಡಿ ದೂರದಿಂದ, ಮಗುವಿಗೆ ಎಸೆದ ಹಾಗೆ, ಮೆಲ್ಲಗೆ ಚೆಂಡು ಎಸೆಯಲು ಶುರು. ಒಂದು ಹೆಜ್ಜೆ ಹಿಂದೆ. ಮತ್ತೆ ಎಸೆತ. ಇನ್ನೊಂದು ಹೆಜ್ಜೆ ಹಿಂದೆ. ಹೀಗೆ ಹಿಂದೆ ಹಿಂದೆ ಹೋಗುತ್ತಾ, ನೋವು ಸಡಿಲವಾಗುತ್ತಾ ಬಂದು, ಕೊನೆಗೆ ದೂರದ ಬೌಂಡರಿ ಕಡೆಯಿಂದಲೂ ಚೆಂಡು ತಲುಪುವ ಹಾಗಾದ ಮೇಲೆ, ಇನ್ನು ಪರವಾಗಿಲ್ಲ ಅಂತ ಆಟಕ್ಕೆ ಇಳಿಯುವುದು. ಮರುದಿನ ಬೆಳಗ್ಗೆ ಮತ್ತೆ ಕಲ್ಲಾದ ಕೈ.

ನನ್ನ ಫಿಸಿಯೊಥೆರಪಿ ಹುಡುಗಿ ಮಾಡಿಸುವುದೂ ಸುಮಾರಾಗಿ ಇದನ್ನೇ. ಗೋಡೆಗೆ ಎದುರಾಗಿ ನಿಂತು, ಎರಡು ಬೆರಳನ್ನು ಜೇಡದ ಹಾಗೆ ಗೋಡೆಯ ಮೇಲೆ ಒಂದೊಂದೇ ಹೆಜ್ಜೆ ಹತ್ತಿಸುವುದು. ನಿನ್ನೆಯ ಗುರುತು ಮುಟ್ಟುವಷ್ಟರಲ್ಲಿ ಕಣ್ಣಲ್ಲಿ ನೀರು. ಇದಾದ ಮೇಲೆ ನಾನು ಕಾಫಿ ಕುಡಿದು ಲ್ಯಾಪ್‌ಟಾಪ್ ತೆರೆಯುತ್ತೇನೆ. ಅವನು ನೂರಿಪ್ಪತ್ತೋ ನೂರೈವತ್ತೋ ಚೆಂಡು ಎಸೆಯಲು ಹೋಗುತ್ತಿದ್ದ. ಎಷ್ಟು ಅಂತ ಯಾರೂ ಕ್ಲಿಕ್ ಮಾಡಲಿಲ್ಲ.

ದಣಿವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವನು ಕೊಟ್ಟನೆನ್ನುವ ಉತ್ತರವೊಂದು ಎಲ್ಲ ಕಡೆ ಓಡಾಡುತ್ತದೆ. ಬೆಳಗಿನ ನಾಲ್ಕರಿಂದ ರಾತ್ರಿ ಎಂಟರವರೆಗೆ ಭಾರಿ ಸುತ್ತಿಗೆಯಿಂದ ಹೋರಿಗಳನ್ನು ಹೊಡೆದು ಕೆಡವುತ್ತಿದ್ದವನಿಗೆ ಎರಡು ಗಂಟೆ ಐದು ಔನ್ಸಿನ ಚೆಂಡು ಎಸೆಯುವುದೊಂದು ದಣಿವೇ ಎಂಬ ಅರ್ಥದ್ದು. ಹೇಳಿರಬಹುದು. ಆದರೆ ನನಗದು ಪತ್ರಿಕೆಯವರು ಉಜ್ಜಿ ಹೊಳಪು ಕೊಟ್ಟ ಮಾತಿನ ಹಾಗೆ ಕೇಳುತ್ತದೆ. ಇಂಥ ಮಾತು ಎಲ್ಲರಿಗೂ ಬೇಕು: ಎಸೆಸಿದವರಿಗೆ, ಟಿಕೆಟ್ ಕೊಟ್ಟು ನೋಡಿದವರಿಗೆ, ಆಮೇಲೆ ಬರೆದವರಿಗೆ. ನಾವೂ ಕಮ್ಮಿಯಿಲ್ಲ. 2002ರಲ್ಲಿ ಆಂಟಿಗುವಾದಲ್ಲಿ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಹದಿನಾಲ್ಕು ಓವರ್ ಎಸೆದು ಲಾರಾ ವಿಕೆಟ್ ತೆಗೆದದ್ದನ್ನು ಹೇಳುವಾಗ ಈಗಲೂ ನನ್ನ ಗಂಟಲು ಉಬ್ಬುತ್ತದೆ. ಆದರೆ ಕುಂಬ್ಳೆ ಮರುದಿನವೇ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ವಿಮಾನ ಹತ್ತುವವರಿದ್ದರು. ಅದು ಒಂದು ದಿನದ ಹಟ. ಇವನು ಎರಡು ತಿಂಗಳು ದಿನಾ ಬೆಳಗ್ಗೆ ಎದ್ದು ಅದೇ ಕೈಯನ್ನು ಕರೆದುಕೊಂಡು ಹೋದ.

ನಮ್ಮಮ್ಮನ ಬಲಭುಜವೂ ನೋಯುತ್ತಿತ್ತು. ಹದಿನಾರು ಜನರ ಮನೆ, ಎರಡು ಹೊತ್ತು ಮುದ್ದೆ. ಒಲೆ ಮುಂದೆ ಕೂತು ಹಿಟ್ಟು ತೊಳಸಿ ತೊಳಸಿ ರಟ್ಟೆ ಹಿಡಿದುಕೊಳ್ಳುವುದನ್ನು ನೋಡಿ ಬೆಳೆದೆ. ಅದಕ್ಕೆ ಹೆಸರು ಯಾರೂ ಇಟ್ಟಿರಲಿಲ್ಲ. ಎಣಿಸುವುದಂತೂ ದೂರ.

ರಾಡ್‌ಬರ್ನ್‌ನ ಎಸೆತ ಎಣಿಸದಿದ್ದರೂ ಗೆಲುವನ್ನು ಮಾತ್ರ ಇವತ್ತಿಗೂ ಎಣಿಸುತ್ತಿದ್ದಾರೆ. ಮೇಲೆ 59 ಅಂದೆ. ಬೇರೆ ಕೆಲವರನ್ನು ಕೇಳಿದರೆ 60 ಅನ್ನುತ್ತಾರೆ. ಜಗಳ ಇರುವುದು ಜುಲೈ 28ರ ಒಂದು ಪಂದ್ಯದ ಮೇಲೆ. ಅಂದು ಸೈಕ್ಲೋನ್ ಮಿಲ್ಲರ್ ಎಂಬವನು ಮೊದಲ ಐದು ಇನಿಂಗ್ ಎಸೆದ, ಉಳಿದದ್ದನ್ನು ರಾಡ್‌ಬರ್ನ್ ಎಸೆದ. ಆಗಿನ ಗುಮಾಸ್ತ, ಚೆನ್ನಾಗಿ ಎಸೆದವನು ಇವನೇ ಅಂತ ರಾಡ್‌ಬರ್ನ್ ಹೆಸರಿಗೆ ಬರೆದ. ಈಗಿನ ನಿಯಮದಂತೆ ಅದು ಮಿಲ್ಲರ್‌ನದು. ನೂರ ನಲವತ್ತು ವರ್ಷದ ಮೇಲೂ ಆ ಒಂದು ಗೆಲುವು ಅತ್ತಿಂದಿತ್ತ ಓಡಾಡುತ್ತಿದೆ. 59 ಆದರೂ ಸರಿ, 60 ಆದರೂ ಸರಿ, ಅದನ್ನು ಮುಟ್ಟಿದವರೇ ಇಲ್ಲ. ಆದರೂ ಬಿಡಲೊಲ್ಲರು. ನಾನು ಇನ್ಶುರೆನ್ಸ್ ಲೆಕ್ಕದ ಪ್ರೋಗ್ರಾಮ್ ಬರೆಯುವವಳು. ಒಂದು ಪೈಸೆ ವ್ಯತ್ಯಾಸಕ್ಕೆ ಮೂರು ದಿನ ಕೂತವರನ್ನು ನೋಡಿದ್ದೇನೆ, ನಾನೂ ಕೂತಿದ್ದೇನೆ. ಹಾಗಾಗಿ ನಗಲಾಗಲಿಲ್ಲ.

ಅಕ್ಟೋಬರಿನಲ್ಲಿ ಇನ್ನೊಂದು ಲೀಗಿನ ಚಾಂಪಿಯನ್ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ಜೊತೆ ಮೂರು ಪಂದ್ಯಗಳ ಸರಣಿ ಇಟ್ಟರು. 23, 24, 25. ಮೂರು ದಿನ ಮೂರು ಪಂದ್ಯ, ಮೂರನ್ನೂ ಎಸೆದವನು ಅವನೇ: 6–0, 3–1, 12–2.

ಋತು ಮುಗಿಯಿತು. ಮಾತಿನಂತೆ ತಂಡ ಅವನಿಗೆ ಬಿಡುಗಡೆ ಕೊಡಲು ಸಿದ್ಧವಾಯಿತು. ಬೇಸ್‌ಬಾಲ್ ಲೋಕದಲ್ಲೇ ಅವನಷ್ಟು ಬೆಲೆಯ ಕೈ ಇನ್ನೊಂದಿರಲಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಅವನು ಪ್ರಾವಿಡೆನ್ಸಿನಲ್ಲೇ ಉಳಿಯಲು ಮತ್ತೆ ಸಹಿ ಹಾಕಿದ.

ನಾನು ಈ ಮನುಷ್ಯನನ್ನು ಎರಡು ತಿಂಗಳು ಬಿಡದೆ ಹಿಡಿದುಕೊಂಡಿರುವುದು ಈ ಸಹಿಗಾಗಿ. ಕೈಯನ್ನು ಒತ್ತೆಯಿಟ್ಟು ಬಿಡಿಸಿಕೊಂಡ ಬಾಗಿಲು ತೆರೆದೇ ಇದ್ದಾಗ ಹೊಸ್ತಿಲು ದಾಟದೆ ಒಳಗೇ ಕೂತನಲ್ಲ. ಹೆಚ್ಚು ಸಂಬಳ ಕೊಟ್ಟರು ಅನ್ನಬಹುದು. ಆ ಊರು ಅವನಿಗೆ ಹಿಡಿಸಿತ್ತು ಅನ್ನಬಹುದು. ನನಗನ್ನಿಸುವುದು ಬೇರೆ, ಮತ್ತು ಅದಕ್ಕೆ ಆಧಾರ ಅವನ ಬದುಕಿನಲ್ಲಿಲ್ಲ, ನನ್ನದರಲ್ಲಿದೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಜೊತೆಯವನೊಬ್ಬ ಪ್ರಾಜೆಕ್ಟಿನ ನಡುವೆ ಬಿಟ್ಟು ಹೋದ. ಅವನ ಪಾಲಿನದನ್ನೂ ನೀನೇ ಎತ್ತಿಕೊ, ಗ್ರೀನ್ ಕಾರ್ಡ್ ಅರ್ಜಿ ಹಾಕಿಸುತ್ತೇವೆ ಅಂದರು. ನನ್ನ ವೀಸಾ ಅವರ ಹೆಸರಿನ ಮೇಲೆ ನಿಂತಿತ್ತು. ಅವರು ಕೈಬಿಟ್ಟರೆ ಅರವತ್ತು ದಿನದಲ್ಲಿ ಬೇರೆ ಕಡೆ ಸೇರಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಒಂದೂವರೆ ವರ್ಷ ಇಬ್ಬರ ಕೆಲಸ ಮಾಡಿದೆ. ಮಗನ ಎರಡು ಹುಟ್ಟುಹಬ್ಬಕ್ಕೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಕೇಕ್ ಕತ್ತರಿಸಿದೆ. ಅರ್ಜಿ ಹಾಕಿದರು, ಅದರ ಮೊದಲ ದೊಡ್ಡ ಘಟ್ಟವೂ ದಾಟಿತು, ಬೇಕೆಂದರೆ ಬೇರೆ ಕಂಪನಿಗೆ ಹೋಗಬಹುದಿತ್ತು. ಹೋಗುತ್ತೇನೆ ಅಂತ ಮನೆಯಲ್ಲಿ ಎಷ್ಟು ಸಲ ಹಾರಾಡಿದ್ದೆನೋ. ಹೋಗಲಿಲ್ಲ. ಇನ್ನೂ ಮೂರು ವರ್ಷ ಅಲ್ಲೇ ಇದ್ದೆ. ಯಾರೂ ಹಿಡಿದಿರಲಿಲ್ಲ. ಹೊಸ ಕಡೆ ಹೋಗಿ ಮೊದಲಿನಿಂದ ನಾನು ಯಾರು ಅಂತ ತೋರಿಸಿಕೊಳ್ಳುವಷ್ಟು ಕಸುವು ಉಳಿದಿರಲಿಲ್ಲ, ಅಷ್ಟೆ. ಇಲ್ಲಿಯವರಿಗೆ ನಾನು ಏನು ಮಾಡಿದೆ ಅಂತ ಗೊತ್ತಿದೆ ಅನ್ನುವುದೇ ಒಂದು ಕುರ್ಚಿಯಾಗಿತ್ತು. ನನ್ನ ಕೀಬೋರ್ಡನ್ನು ಅವನ ಚೆಂಡಿನ ಪಕ್ಕದಲ್ಲಿಡುವುದು ಅಧಿಕಪ್ರಸಂಗ, ಗೊತ್ತು. ಆದರೂ ಆ ಶರತ್ಕಾಲ ಅವನು ಸಹಿ ಹಾಕುವಾಗ ಪೆನ್ನು ಹಿಡಿದ ಕೈ ಎಷ್ಟು ನೋಯುತ್ತಿತ್ತು, ಎಂಬುದೇ ನನ್ನ ತಲೆಯಲ್ಲಿ ಸುತ್ತುತ್ತಿರುತ್ತದೆ.

ಮುಂದಿನ ವರ್ಷ 28 ಗೆಲುವು, 21 ಸೋಲು. ವರ್ಷದ ಕೊನೆಗೆ ಪ್ರಾವಿಡೆನ್ಸ್ ತಂಡವೇ ಮುಚ್ಚಿತು, ಅವನು ಬೋಸ್ಟನ್ ಪಾಲಾದ. ಅಲ್ಲಿ 1886ರಲ್ಲಿ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. 1888ರಲ್ಲಿ ಏಳೇ ಗೆಲುವು. ಅದೇ 1886ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕಿನಲ್ಲಿ ಋತುವಿನ ಮೊದಲ ದಿನ ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಒಂದಿದೆ. ಎಲ್ಲರೂ ಮದುವೆ ಫೋಟೋಕ್ಕೆ ನಿಂತ ಹಾಗೆ ಬಿಗಿದುಕೊಂಡಿದ್ದಾರೆ. ಹಿಂದಿನ ಸಾಲಿನ ಎಡತುದಿಯಲ್ಲಿ ಮೀಸೆಯ ರಾಡ್‌ಬರ್ನ್. ಸರಿಯಾಗಿ ನೋಡಿದರೆ ಅವನ ಕೈಯಲ್ಲಿ ನಡುಬೆರಳು ಎದ್ದು ನಿಂತಿದೆ, ಕ್ಯಾಮೆರಾ ಕಡೆಗೆ. ಆ ಸನ್ನೆ ಸೆರೆಯಾದ ಜಗತ್ತಿನ ಮೊದಲ ಫೋಟೋ ಇದೇ ಇರಬೇಕು ಅನ್ನುತ್ತಾರೆ. ಮಗನಿಗೆ ಇದನ್ನು ತೋರಿಸಬಾರದಿತ್ತು. ಈಗ ಅವನ ಗೆಳೆಯರಿಗೆಲ್ಲ ಓಲ್ಡ್ ಹಾಸ್ ಆರಾಧ್ಯ ದೈವ.

ವಾರ್ಡ್ ಹೆಸರು ಮತ್ತೆ ಬರುತ್ತದೆ ಅಂದಿದ್ದೆ. ಹದಿನೆಂಟು ಇನಿಂಗ್ ಎಸೆದ ಆ ಹುಡುಗ ಆಟದ ಜೊತೆಜೊತೆಗೇ ಕಾನೂನು ಓದಿ ವಕೀಲನಾದ. ಆಟಗಾರರ ಸಂಘ ಕಟ್ಟಿದ, ಆಟಗಾರನೇನು ಮಾಲೀಕನ ಸರಕೇ ಅಂತ 1887ರಲ್ಲಿ ಪತ್ರಿಕೆಯಲ್ಲಿ ಬರೆದ. 1890ರಲ್ಲಿ ರಿಸರ್ವ್ ನಿಯಮವಿಲ್ಲದ ತಮ್ಮದೇ ಪ್ಲೇಯರ್ಸ್ ಲೀಗ್ ಶುರುಮಾಡಿಯೇಬಿಟ್ಟರು. ಆರು ವರ್ಷದ ಹಿಂದೆ ಬಾಗಿಲು ದಾಟದೆ ಉಳಿದಿದ್ದ ರಾಡ್‌ಬರ್ನ್ ಈ ಸಲ ದಾಟಿದ. 35ನೇ ವಯಸ್ಸಿನಲ್ಲಿ, ಆ ಕೈಯಲ್ಲೇ, 27 ಗೆದ್ದ. ಅವನ ಬೋಸ್ಟನ್ ತಂಡ ಆ ಲೀಗಿನ ಚಾಂಪಿಯನ್ ಆಯಿತು. ಲೀಗ್ ಒಂದೇ ವರ್ಷಕ್ಕೆ ದುಡ್ಡಿಲ್ಲದೆ ಮುಚ್ಚಿತು. ರಿಸರ್ವ್ ನಿಯಮ ಮುರಿದು ಬಿದ್ದದ್ದು 1975ರ ಡಿಸೆಂಬರಿನಲ್ಲಿ. 1891ರಲ್ಲಿ ಸಿನ್ಸಿನಾಟಿಗೆ ಒಂದು ವರ್ಷ ಆಡಿ ರಾಡ್‌ಬರ್ನ್ ನಿಲ್ಲಿಸಿದ. ಒಟ್ಟು 309 ಗೆಲುವು, 194 ಸೋಲು.

ಬ್ಲೂಮಿಂಗ್ಟನ್ನಿಗೆ ವಾಪಸು ಬಂದು ಬಿಲಿಯರ್ಡ್ಸ್ ಮೇಜು ಹಾಕಿದ ಸಾರಾಯಿ ಅಂಗಡಿ ನಡೆಸಿದ. ಬೇಟೆಯ ಹುಚ್ಚಿತ್ತು. 1894ರಲ್ಲಿ ಬೇಟೆಗೆ ಹೋದಾಗ ಬಂದೂಕಿನ ಅಪಘಾತದಲ್ಲಿ ಒಂದು ಕಣ್ಣು ಹೋಯಿತು, ಮುಖ ಕೆಟ್ಟಿತು. ಅಲ್ಲಿಂದಾಚೆ ಗಿರಾಕಿಗಳ ಕಣ್ಣಿಗೆ ಬೀಳದೆ ಅಂಗಡಿಯ ಹಿಂದಿನ ಮಬ್ಬು ಕೋಣೆಯಲ್ಲೇ ದಿನ ಕಳೆಯುತ್ತಿದ್ದನಂತೆ. ಸಿಫಿಲಿಸ್ ಮಿದುಳಿಗೆ ಏರಿತ್ತು. 1897ರ ಫೆಬ್ರವರಿ 5ರಂದು ಸತ್ತ. 42 ವರ್ಷ. ಬೇಸ್‌ಬಾಲಿನ ದೊಡ್ಡವರ ಹೆಸರು ಸೇರುವ ಹಾಲ್ ಆಫ್ ಫೇಮಿಗೆ ಅವನನ್ನು ಸೇರಿಸಿದ್ದು 1939ರಲ್ಲಿ.

ಮೇ ತಿಂಗಳ ಒಂದು ಭಾನುವಾರ ನಾನೂ ಮಗನೂ ಎವರ್‌ಗ್ರೀನ್ ಸ್ಮಶಾನಕ್ಕೆ ಹೋದೆವು. ಸ್ಮಶಾನಕ್ಕೆ ಯಾಕೆ ಮಗುವನ್ನು ಕರೆದುಕೊಂಡು ಹೋದೆ ಅಂತ ಅಮ್ಮ ಫೋನಿನಲ್ಲಿ ಬೈದದ್ದು ಆಮೇಲೆ. ಹುಲ್ಲು ಕತ್ತರಿಸಿದ ಹಸಿ ವಾಸನೆ, ದೊಡ್ಡ ಮರಗಳು. ಅವನ ಆಟದ ಸಾಧನೆ ಕೊರೆದ ಫಲಕ ಇರುವುದು ಕಲ್ಲಿನ ಬೆನ್ನಿಗೆ. 1941ರಲ್ಲಿ, ಅವನು ಸತ್ತು ನಲವತ್ತು ವರ್ಷ ಕಳೆದ ಮೇಲೆ ಹಾಕಿದ್ದು. ಮುಂದುಗಡೆಯಿಂದ ನೋಡಿ ಹೋದವರಿಗೆ ಯಾರೋ ಊರಿನವನು ಅಂತಲೇ ಅನ್ನಿಸಬೇಕು. ಮಗ ಫಲಕ ಓದಿದ. "ಅಮ್ಮಾ, ಇವನು ಒಟ್ಟು ಎಷ್ಟು ಪಿಚ್ ಎಸೆದಿರಬಹುದು?" ಅಂದ. ಗೊತ್ತಿಲ್ಲ ಅಂದೆ. "ನೀನಿದ್ದಿದ್ರೆ 85ಕ್ಕೆ ನಿಲ್ಲಿಸ್ತಿದ್ದೆ" ಅಂದ. ನಿಲ್ಲಿಸುತ್ತಿದ್ದೆನೇ? ಹಿಂದಿನ ಶನಿವಾರವೇ, ಇವನು 84 ಎಸೆದು ನಿಂತು, ಇನ್ನೊಂದೇ ಔಟ್ ಆದರೆ ಗೆಲ್ಲುತ್ತೇವೆ ಅನ್ನುವಾಗ, ಕ್ಲಿಕ್ಕಿನ ಮೇಲಿದ್ದ ನನ್ನ ಹೆಬ್ಬೆರಳು ಒಂದು ಕ್ಷಣ ತಡೆದದ್ದನ್ನು ಅವನಿಗೆ ಹೇಳಲಿಲ್ಲ. ಗಾಳಿಗೆ ನನ್ನ ಕ್ಲಿಪ್ ಬಿಚ್ಚಿ ಕೂದಲೆಲ್ಲ ಮುಖಕ್ಕೆ ಬಂತು. ಮಗ ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ತೆಗೆದು, ನನ್ನನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಕೂದಲು ಎಳೆದು ಬಿಗಿದು ಕುದುರೆಬಾಲ ಹಾಕಿದ. ಹುಬ್ಬು ಮೇಲೇರುವಷ್ಟು ಬಿಗಿ.

ಮನೆಗೆ ಬಂದು ಗೋಡೆಯ ಮುಂದೆ ನಿಂತೆ. ಅಡುಗೆಮನೆಯ ಬಾಗಿಲ ಪಕ್ಕ, ಮಗನ ಎತ್ತರವನ್ನು ವರ್ಷವರ್ಷ ಗುರುತು ಮಾಡಿರುವ ಕಡೆಯೇ ನನ್ನ ಬೆರಳಿನ ಗುರುತುಗಳೂ ಇವೆ. ಅವನು ಪೆನ್ಸಿಲ್ ಹಿಡಿದು ನಿಂತ. ಬೆರಳು ಹತ್ತಿತು, ನಿಂತಿತು, ಇನ್ನಷ್ಟು ಹತ್ತಿತು. ಅವತ್ತಿನದು ಹಿಂದಿನ ದಿನದ್ದಕ್ಕಿಂತ ಅರ್ಧ ಬೆರಳು ಕೆಳಗೆ. ಅವನು ಅದಕ್ಕೂ ಒಂದು ಗೆರೆ ಎಳೆದು ತಾರೀಖು ಬರೆದ.